ಮೋಡದ ಚಿತ್ರ, ಡಬ್ಬಿಯ ಲೆಕ್ಕ

ರೋಹಿಣಿ ಮಳೆಯ ಒಂದು ರಾತ್ರಿ. ಮಗ ಮೊಬೈಲ್ ಹಿಡಿದು ಜಗಲಿಗೆ ಬಂದ. "ಅಪ್ಪಾ, ಇಲ್ನೋಡು. ರೇಡಾರ್ ಚಿತ್ರದಲ್ಲಿ ಸಂತೇಬೆನ್ನೂರಿನ ಮೇಲೆಲ್ಲ ಕೆಂಪು. ಹೊಲದ ಕಡೆ ಜೋರು ಮಳೆ. ಬೆಳಿಗ್ಗೆ ಮೆಕ್ಕೆಜೋಳ ಬಿತ್ತಿಬಿಡೋಣ" ಎಂದ. ಬೀಜ, ಗೊಬ್ಬರ ಮನೆಗೆ ಬಂದಿತ್ತು. ಟ್ರ್ಯಾಕ್ಟರ್‌ಗೂ ಹೇಳಿಯಾಗಿತ್ತು.

ನಮ್ಮ ಹೊಲ ಊರಿಂದ ಮೂರು ಕಿಲೋಮೀಟರ್. ಬೆಳಿಗ್ಗೆ ಹೋದಾಗ ಆರನೇ ತರಗತಿಯ ಮೊಮ್ಮಗಳೂ ಜೊತೆಗೆ ಬಂದಳು. ಹೊಲದಲ್ಲಿ ಅವಳದೊಂದು 'ಮಳೆ ಡಬ್ಬಿ' ಇದೆ. ಅದರೊಳಗೆ ಅಳತೆಪಟ್ಟಿ ಇಳಿಸಿ ಕೂಗಿದಳು: "ಅಜ್ಜಾ, ನಾಲ್ಕೇ ಮಿಲಿಮೀಟರ್!"

ನಾನು ಗುದ್ದಲಿಯಿಂದ ಕೆದಕಿ ನೋಡಿದೆ. ಎರಡು ಬೆರಳಿನಷ್ಟೂ ಹಸಿ ಇಳಿದಿರಲಿಲ್ಲ. ಅಷ್ಟು ಹಸಿಗೆ ಬಿತ್ತಿದರೆ ಬೀಜ ಮೊಳೆತು, ಬಿಸಿಲಿಗೆ ಒಣಗಿಹೋಗುತ್ತದೆ. ಬೀಜದ ದುಡ್ಡೂ ಹೋಯಿತು, ಗೊಬ್ಬರದ ದುಡ್ಡೂ ಹೋಯಿತು. ಟ್ರ್ಯಾಕ್ಟರ್ ವಾಪಸ್ ಕಳಿಸಿದೆವು. ಆರು ದಿನದ ಮೇಲೆ ಡಬ್ಬಿಯಲ್ಲಿ 28 ಮಿಲಿಮೀಟರ್ ನಿಂತಿತು. ಆಗ ಬಿತ್ತಿದೆವು.

"ಹಾಗಾದ್ರೆ ರೇಡಾರ್ ಸುಳ್ಳು ಹೇಳ್ತಾ ಅಜ್ಜಾ?"

ಇಲ್ಲ ಪುಟ್ಟಿ. ಅದು ಕಂಡದ್ದನ್ನೇ ಹೇಳಿತು. ಆದರೆ ಅದು ನೋಡಿದ್ದು ಆಕಾಶವನ್ನು, ನಮ್ಮ ಹೊಲವನ್ನಲ್ಲ.

ರೇಡಾರ್ ರೇಡಿಯೊ ಅಲೆಗಳನ್ನು ಬಿಡುತ್ತದೆ. ಹನಿಗಳಿಗೆ ತಾಗಿ ಅವು ಹಿಂದಿರುಗುತ್ತವೆ. ಎಷ್ಟು ಜೋರಾಗಿ ಹಿಂದಿರುಗಿದವು ಎಂಬುದರಿಂದ ಮಳೆ ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ಭೂಮಿಯಾದರೋ ಗುಂಡಗೆ ಬಾಗಿದೆ. ಹಾಗಾಗಿ ರೇಡಾರಿನಿಂದ 250 ಕಿಲೋಮೀಟರ್ ದೂರದ ಊರಿನ ಮೇಲೆ ಅದು ನೋಡುವುದು ಸುಮಾರು 5-6 ಕಿಲೋಮೀಟರ್ ಎತ್ತರದ ಮೋಡವನ್ನು.

ಅಷ್ಟು ಎತ್ತರದಲ್ಲಿ ಮಳೆಗಾಲದಲ್ಲೂ ನೀರು ಹೆಪ್ಪುಗಟ್ಟುವಷ್ಟು ಚಳಿ. "ಅಂದ್ರೆ ನಮ್ಮೂರ ಮೇಲೂ ಹಿಮ ಇದೆಯಾ!" ಎಂದು ಅವಳು ಬಾಯಿ ತೆರೆದಳು. ಇದೆ! ಮೋಡದ ಮೇಲ್ಭಾಗದ ಹಿಮದ ಚೂರುಗಳು ಕೆಳಗಿಳಿಯುತ್ತ ಕರಗಿ ನಮಗೆ ಮಳೆಹನಿಯಾಗಿ ಸಿಗುತ್ತವೆ. ಅರ್ಧ ಕರಗಿದ ಹಿಮದ ಚೂರಿನ ಮೈಮೇಲೆ ನೀರಿನ ಪದರ ಇರುತ್ತದಲ್ಲ, ರೇಡಾರಿಗೆ ಅದು ಭಾರಿ ದೊಡ್ಡ ಹನಿಯಂತೆ ಕಾಣುತ್ತದೆ. ಇರುವುದಕ್ಕಿಂತ ಹೆಚ್ಚು ಮಳೆ ಎಂದು ಲೆಕ್ಕ ಬರುತ್ತದೆ. ಇನ್ನು ಕೆಲವು ಸಲ ಹನಿಗಳನ್ನು ದಾರಿಯಲ್ಲೇ ಒಣಗಾಳಿ ಕುಡಿದುಬಿಡುತ್ತದೆ, ಇಲ್ಲವೇ ಗಾಳಿ ಪಕ್ಕದೂರಿಗೆ ಒಯ್ಯುತ್ತದೆ. ಅದಕ್ಕೇ ರೇಡಾರಿನ ಲೆಕ್ಕವನ್ನು ನೆಲದ ಅಳತೆಯೊಂದಿಗೆ ತಾಳೆ ನೋಡಬೇಕು.

ಹಿಮ ಬೀಳುವ ದೇಶಗಳಲ್ಲೂ ಇದೇ ಕೆಲಸ. ಅಲ್ಲಿ ಬಯಲಲ್ಲಿ ಹಲಗೆ ಇಟ್ಟು, ಅದರ ಮೇಲೆ ಬಿದ್ದ ಹಿಮದ ಎತ್ತರ ಅಳೆಯುತ್ತಾರೆ. ಆಮೇಲೆ ಅದನ್ನು ಕರಗಿಸಿ ನೀರನ್ನೂ ಅಳೆಯುತ್ತಾರೆ. 10 ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು. ಹಿಮ ಹಗುರವಾಗಿದ್ದರೆ ಇನ್ನೂ ಕಡಿಮೆ.

1997ರ ಜುಲೈನಲ್ಲಿ ಅಮೆರಿಕದ ಫೋರ್ಟ್ ಕಾಲಿನ್ಸ್ ಊರಿನ ಒಂದು ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಒಂದಡಿಗೂ ಹೆಚ್ಚು ಮಳೆ ಸುರಿದು ಪ್ರವಾಹ ಬಂತು. ಅದೇ ಊರಿನ ಬೇರೆ ಕಡೆ ಸಾಧಾರಣ ಮಳೆ! ಮರುವರ್ಷ ಅಲ್ಲಿ ಜನರೇ ಮನೆ ಮನೆಯಲ್ಲಿ ಮಳೆ, ಹಿಮ ಅಳೆದು ವಿಜ್ಞಾನಿಗಳಿಗೆ ತಿಳಿಸುವ ಕೆಲಸ ಶುರುವಾಯಿತು. ಶಾಲಾ ಮಕ್ಕಳೂ ಅದರಲ್ಲಿದ್ದಾರೆ, ನನ್ನಂಥ ಅಜ್ಜಂದಿರೂ ಇದ್ದಾರೆ.

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕ ಇಟ್ಟಿದ್ದಾರೆ. ಬಿಸಿಲಿನ ವಿದ್ಯುತ್ತಿನಿಂದ ನಡೆಯುವ ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಆದರೂ ಮಳೆ ಎತ್ತಿನ ಒಂದು ಕೋಡನ್ನು ನೆನೆಸಿ ಇನ್ನೊಂದನ್ನು ಬಿಡುತ್ತದೆ ಎನ್ನುತ್ತೇವಲ್ಲ? ಎರಡು ಮಾಪಕಗಳ ನಡುವಿನ ಹೊಲದ ಲೆಕ್ಕ ನಮ್ಮ ಡಬ್ಬಿಗೇ ಗೊತ್ತು.

ಮಕ್ಕಳೇ, ನೀವೂ ಮಾಡಿ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ, ತಳ ಸಪಾಟಾದ ಡಬ್ಬಿ ಬೇಕು. ಮರ, ಮಾಡು ದೂರವಿರುವ ಬಯಲಲ್ಲಿ ಉರುಳದಂತೆ ನಿಲ್ಲಿಸಿ. ದಿನಾ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರ ಅಳೆದು, ಬರೆದು, ಚೆಲ್ಲಿ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಅಳತೆಪಟ್ಟಿಯ ಸೊನ್ನೆ ತುದಿಯಲ್ಲೇ ಇದೆಯಾ ನೋಡಿಕೊಳ್ಳಿ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. 25 ಮಿಲಿಮೀಟರ್ ಬಂದರೆ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್! ಗುಣಿಸಿ ನೋಡಿ, ಒಂದು ಎಕರೆ ಎಂದರೆ 4047 ಚದರ ಮೀಟರ್.

ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಈಗ ಮೂರು ತಿಂಗಳ ಲೆಕ್ಕವಿದೆ. ಮಳೆ ಬಾರದ ದಿನ ಅವಳು ಸೊನ್ನೆ ಬರೆಯುತ್ತಾಳೆ. "ಅದನ್ಯಾಕೆ ಬರೀತಿ?" ಎಂದು ಕೇಳಿದೆ. "ಖಾಲಿ ಬಿಟ್ರೆ ಮಳೆ ಬರಲಿಲ್ವೋ, ನಾನು ನೋಡಲಿಲ್ವೋ ಗೊತ್ತಾಗಲ್ಲ ಅಜ್ಜಾ" ಎಂದಳು.

ಈಗ ರಾತ್ರಿ ಮೊಬೈಲ್‌ನಲ್ಲಿ ಕೆಂಪು ಕಂಡರೆ ಮಗ ಟ್ರ್ಯಾಕ್ಟರ್‌ನವರಿಗೆ ಫೋನ್ ಮಾಡುವುದಿಲ್ಲ. ಬೆಳಿಗ್ಗೆ ಮಗಳನ್ನು ಎಬ್ಬಿಸುತ್ತಾನೆ.