ನೀರಿನ ಪಾಲು

ಕೈಬಿಟ್ಟುಹೋದ ವಸ್ತುವನ್ನು ಕುರಿತು ‘ನೀರುಪಾಲಾಯಿತು’ ಎಂದು ನಾವು ನಿಟ್ಟುಸಿರುಬಿಡುತ್ತೇವೆ. ಆ ಮಾತನ್ನು ತುಸು ಬಿಡಿಸಿ ನೋಡಿದರೆ, ನಷ್ಟಕ್ಕಿಂತ ಮೊದಲು ಅದರಲ್ಲಿ ಕಾಣುವುದು ‘ಪಾಲು’. ನೀರಿಗೂ ಸಲ್ಲಬೇಕಾದ ಒಂದು ಪಾಲುಂಟು ಎಂಬ ಭಾವ ಅಲ್ಲಿ ಅಡಗಿದೆ. ಸರೋವರದ ತಳದಲ್ಲಿ ಮುಳುಗುಗಾರರಿಗೆ ದೊರೆಯುವ ವಿಚಿತ್ರ ವಸ್ತುಗಳ ವಿಷಯದಲ್ಲಿ ಈ ಭೇದ ಮುಖ್ಯವಾದದ್ದು. ಅವುಗಳಲ್ಲಿ ಕೆಲವು ಅಕಸ್ಮಾತ್ತಾಗಿ ಬಿದ್ದವು, ಕೆಲವು ಬಚ್ಚಿಟ್ಟವು. ಮತ್ತೆ ಕೆಲವು, ಮನುಷ್ಯರು ಬೇಕೆಂದೇ ನೀರಿಗೆ ಒಪ್ಪಿಸಿದವು.

ದಕ್ಷಿಣ ಅಮೆರಿಕದಲ್ಲಿ, ಪೆರು ಮತ್ತು ಬೊಲಿವಿಯ ದೇಶಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ ಟಿಟಿಕಾಕಾ ಸರೋವರವಿದೆ. ಅಲ್ಲಿಯ ‘ಸೂರ್ಯದ್ವೀಪ’ದಲ್ಲಿಯೇ ಸೂರ್ಯನು ಹುಟ್ಟಿದನೆಂದು ಇಂಕಾ ಜನ ನಂಬಿದ್ದರು. ಸ್ಪೇನಿನವರು ದಂಡೆತ್ತಿ ಬಂದಾಗ ಇಂಕಾಗಳ ಚಿನ್ನವೆಲ್ಲ ಈ ನೀರನ್ನು ಸೇರಿತೆಂದು ಒಂದು ದಂತಕಥೆ ಬೆಳೆಯಿತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮೀನಿನಂತೆ ಸಂಚರಿಸುವ ಉಪಕರಣವನ್ನು 1943ರಲ್ಲಿ ಎಮಿಲ್ ಗಾನ್ಯಾನರೊಡನೆ ರೂಪಿಸಿದ ಜಾಕ್ ಕುಸ್ತೋ, 1968ರಲ್ಲಿ ಇಲ್ಲಿಗೂ ಬಂದರು. ದಂತಕಥೆಯ ಚಿನ್ನ ಅವರಿಗೆ ಸಿಗಲಿಲ್ಲ. ಅವರನ್ನು ಬೆರಗುಗೊಳಿಸಿದ್ದು ಸರೋವರದ ತಳದಲ್ಲಿ ಗುಂಪುಗುಂಪಾಗಿ ಬಾಳುವ ದೊಡ್ಡ ಕಪ್ಪೆಗಳು!

1977ರಲ್ಲಿ, ಸೂರ್ಯದ್ವೀಪದ ಬಳಿ ಮುಳುಗಿರುವ ಖೋವಾ ಎಂಬ ಬಂಡೆಸಾಲಿನಲ್ಲಿ, ಜಪಾನಿನ ಹವ್ಯಾಸಿ ಮುಳುಗುಗಾರರಿಗೆ ಕಲ್ಲಿನ ಪೆಟ್ಟಿಗೆಗಳು ದೊರೆತವು. ಆಮೇಲೆ 2013ರಲ್ಲಿ ಪುರಾತತ್ತ್ವಜ್ಞರು ಅಲ್ಲಿ ಕ್ರಮಬದ್ಧವಾಗಿ ಅಗೆದರು. ಆಗ ಕಂಡವು: ಪ್ಯೂಮಾ ಎಂಬ ಕಾಡುಬೆಕ್ಕಿನ ಆಕಾರದ ಮಣ್ಣಿನ ಧೂಪಪಾತ್ರೆಗಳು, ಚಿನ್ನದ ಆಭರಣಗಳು, ಎಳೆಯ ಲಾಮಾಗಳ ಎಲುಬುಗಳು, ದೂರದ ಬೆಚ್ಚನೆಯ ಕಡಲಿನಿಂದ ತಂದ ಸ್ಪಾಂಡಿಲಸ್ ಚಿಪ್ಪುಗಳು, ಜೊತೆಗೆ ದೋಣಿಯ ಲಂಗರುಗಳು. ಇವು ಇಂಕಾಗಳವಲ್ಲ, ಅವರಿಗಿಂತ ಹಲವು ಶತಮಾನ ಹಿಂದಿನ ಟಿವಾನಾಕು ಜನರವು, ಕ್ರಿ.ಶ. 8ರಿಂದ 10ನೆಯ ಶತಮಾನದವು.

ಇವುಗಳಲ್ಲಿ ಯಾವುದು ಬೆಲೆಯುಳ್ಳದ್ದು? ಅಕ್ಕಸಾಲಿಗನನ್ನು ಕೇಳಿದರೆ ಚಿನ್ನವೆಂದಾನು. ಇತಿಹಾಸಕಾರನಿಗಾದರೋ ಅಲ್ಲಿನ ಲಂಗರೂ ಅಷ್ಟೇ ಬೆಲೆಯುಳ್ಳದ್ದು. ಲಂಗರು ಇದ್ದುದರಿಂದಲೇ, ಭಕ್ತರು ದೋಣಿಯಲ್ಲಿ ಬಂದು, ಬಂಡೆಸಾಲಿನ ಬಳಿ ನಿಂತು, ಕಾಣಿಕೆಯನ್ನು ನೀರಿಗೆ ಅರ್ಪಿಸಿದರೆಂದು ಊಹಿಸಲು ಆಧಾರ ದೊರೆಯಿತು. ಎಲುಬು ಬಲಿಯನ್ನು ಹೇಳಿತು. ಧೂಪಪಾತ್ರೆ ಪೂಜೆಯನ್ನು ಹೇಳಿತು. ಚಿಪ್ಪು, ಅದನ್ನು ಹೊತ್ತು ತಂದ ದೀರ್ಘವಾದ ಹಾದಿಯನ್ನು ಹೇಳಿತು. ಒಂದೊಂದೂ ಬೇರೆಯಾಗಿದ್ದರೆ ಮೂಕವಾಗಿರುತ್ತಿದ್ದ ವಸ್ತುಗಳು ಒಂದೆಡೆ ಇದ್ದುದರಿಂದ ಮಾತನಾಡಿದವು. ತುಂಬಿದ ಕೆರೆಗೆ ಬಾಗಿನ ಕೊಡುವ ನಮಗೆ ಆ ಮಾತು ಅಪರಿಚಿತವೇನಲ್ಲ.

ಇಂಕಾಗಳು ಕಲ್ಲಿನ ಪೆಟ್ಟಿಗೆಗಳನ್ನು ಸರೋವರಕ್ಕೆ ಇಳಿಬಿಡುತ್ತಿದ್ದರೆಂದು ರಾಮೋಸ್ ಗಾವಿಲಾನ್ ಎಂಬ ಕ್ರೈಸ್ತ ಸಂನ್ಯಾಸಿ 1621ರಲ್ಲಿಯೇ ಬರೆದಿಟ್ಟಿದ್ದ. ಆ ಬರಹಕ್ಕೆ ಸಾಕ್ಷಿಯೋ ಎಂಬಂತೆ, 2014ರಲ್ಲಿ ಕಾಕಾಯಾ ಎಂಬ ಇನ್ನೊಂದು ಬಂಡೆಸಾಲಿನಲ್ಲಿ, ಐದೂವರೆ ಮೀಟರ್ ಆಳದಲ್ಲಿ, ಯಾರೂ ತೆರೆಯದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಇದ್ದದ್ದು ಎರಡೇ ವಸ್ತು: ಚಿಪ್ಪಿನಲ್ಲಿ ಕಡೆದ, ಹೆಬ್ಬೆರಳಿಗಿಂತ ಚಿಕ್ಕದಾದ ಲಾಮಾ, ಚಿನ್ನದ ತಗಡನ್ನು ಸುರುಳಿಸುತ್ತಿದ ಪುಟ್ಟ ಕೊಳವೆ. ರಾಶಿ ಚಿನ್ನದ ದಂತಕಥೆಯ ಎದುರಿಗೆ ಎಷ್ಟು ಅಲ್ಪ! ಆದರೆ ಅದು ಬಚ್ಚಿಟ್ಟ ಸಂಪತ್ತಲ್ಲ, ಕೊಟ್ಟ ಕಾಣಿಕೆ.

ಇಂದು ಸ್ಕೂಬಾ ಹವ್ಯಾಸ ಲೋಕದ ಎಲ್ಲೆಡೆ ಹರಡಿದೆ. ಸರೋವರದ ತಳದಲ್ಲಿ ಹೊಳೆಯುವುದೇನಾದರೂ ಕಂಡರೆ ಕೈ ತಾನಾಗಿ ಮುಂದಾಗುತ್ತದೆ. ಆದರೆ ಯಾವುದರ ಪಕ್ಕದಲ್ಲಿ, ಯಾವ ಪದರದ ಕೆಸರಿನಲ್ಲಿ ಅದು ಇತ್ತೆಂಬುದನ್ನು ಗುರುತಿಸದೆ ಮೇಲೆತ್ತಿದರೆ, ಎರಡನೆಯ ಸಲ ಅದನ್ನು ತಿಳಿಯುವ ಅವಕಾಶವಿಲ್ಲ. ಆಗ ವಸ್ತು ಕೈಸೇರುತ್ತದೆ. ಅದರ ವೃತ್ತಾಂತ ಮಾತ್ರ ನಿಜವಾಗಿ ನೀರುಪಾಲಾಗುತ್ತದೆ.