ಒಲೆ ಬೇಡದ ಸಿಹಿ: ಕಾಫಿ ಸೀಮೆಯ ರಸಾಯನ

ಮನೆ ತುಂಬ ನೆಂಟರು ಸೇರಿದ ದಿನ ಅಡುಗೆಮನೆಯಲ್ಲಿ ಮೊದಲು ಸಾಲದೆ ಹೋಗುವುದು ಒಲೆ. ಒಂದು ಉರಿಯ ಮೇಲೆ ಕಡುಬು ಬೇಯುತ್ತಿರುತ್ತದೆ, ಇನ್ನೊಂದರ ಮೇಲೆ ಸಾರು ಕುದಿಯುತ್ತಿರುತ್ತದೆ, ಮೂರನೆಯದನ್ನು ಕಾಫಿಯ ಹಾಲು ಬಿಟ್ಟುಕೊಡುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಉರಿ ಕೇಳದ, ಪಾಕದ ಹದಕ್ಕೆ ಕಾಯಿಸದ, ಮಕ್ಕಳೂ ಕೈಹಚ್ಚಬಹುದಾದ ಸಿಹಿಯೊಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಮಾಗಿದ ಹಣ್ಣು, ಹಸಿ ಕಾಯಿಹಾಲು, ಬೆಲ್ಲ, ಏಲಕ್ಕಿ. ಇಷ್ಟು ಸೇರಿದರೆ ರಸಾಯನ.

ದೇವರ ಮುಂದಿನ ಪಂಚಾಮೃತಕ್ಕೂ ಇದಕ್ಕೂ ಹತ್ತಿರದ ನಂಟು. ಅಲ್ಲಿ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಇಲ್ಲಿ ಕಾಯಿಹಾಲು, ಬೆಲ್ಲ. ಎರಡಕ್ಕೂ ಬೆಂಕಿ ತಾಗುವುದಿಲ್ಲ. ರಾಮನವಮಿಗೆ ಪಾನಕ, ಕೋಸಂಬರಿಯ ಪಕ್ಕದಲ್ಲಿ ರಸಾಯನವೂ ಇರುತ್ತದೆ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಮಕ್ಕಳು, ಮೊಮ್ಮಕ್ಕಳು ಬಂದಾಗ ಒತ್ತು ಶಾವಿಗೆಯ ಜೊತೆ ಬರುತ್ತದೆ, ಬೆಳಗಿನ ನೀರುದೋಸೆಗೂ ಒದಗುತ್ತದೆ. ಊರ ಸುಗ್ಗಿಗೆ ಬಂದ ಭಾವನಿಗೂ ನಾದಿನಿಗೂ ಒಂದೇ ಮಾತು: ‘ಇನ್ನೊಂದು ಸೌಟು ಹಾಕಿಸ್ಕೊಳ್ಳಿ, ಇದೇನು ಹೊಟ್ಟೆಗೆ ಭಾರ ಆಗಲ್ಲ.’

ಈ ಬಟ್ಟಲು ನಮ್ಮ ಪಂಕ್ತಿಯಲ್ಲಿ ಉಳಿಯಬೇಕು ಎನ್ನುವುದಕ್ಕೆ ರುಚಿಯಷ್ಟೇ ಕಾರಣವಲ್ಲ. ರಸಾಯನ ಮಾಡುವ ಮನೆಯವರು ತೋಟದಲ್ಲಿ ಹಣ್ಣಿನ ಮರ ಉಳಿಸಿಕೊಳ್ಳುತ್ತಾರೆ. ಹಣ್ಣಿನ ಮರ ಉಳಿದ ತೋಟದಲ್ಲಿ ಹಕ್ಕಿಗೂ ಜೇನಿಗೂ ಜಾಗ ಇರುತ್ತದೆ. ಹಾಗಾಗಿ ಈ ಮಾತು ಅಡುಗೆಮನೆಯಲ್ಲಿ ಶುರುವಾದರೂ ತೋಟದ ಬೇಲಿಯವರೆಗೆ ಹೋಗುತ್ತದೆ.

ನೆರಳಿನಲ್ಲಿ ಬೆಳೆದ ಹಣ್ಣು

ನಮ್ಮ ಕಾಫಿ ನೆರಳಿನ ಬೆಳೆ. ಹಾಲುವಾಣ, ಅತ್ತಿ, ಹಲಸು, ನೇರಳೆಗಳ ಕೆಳಗೆ ಗಿಡ ನಿಲ್ಲುತ್ತದೆ. ಹೊಸದಾಗಿ ಕಾಫಿ ನೆಟ್ಟಾಗ ಎಳೆ ಸಸಿಗೆ ಬಿಸಿಲು ಬಡಿಯದಿರಲೆಂದು ನಡುವೆ ಬಾಳೆ ಹಾಕುವುದು ರೂಢಿ. ಕಾಫಿ ಫಸಲು ಕೊಡುವ ಮೊದಲೇ ಬಾಳೆ ಗೊನೆ ಬಿಡುತ್ತದೆ. ರಸಾಯನಕ್ಕೆ ಬಾಳೆಹಣ್ಣೇ ಮೊದಲ ಹಣ್ಣಾಗಿರುವುದರಲ್ಲಿ ಈ ಬೇಸಾಯದ ಪಾಲು ದೊಡ್ಡದು.

ಸೀಮೆ ಒಂದೇ ಆದರೂ ಬಟ್ಟಲು ಒಂದೇ ಅಲ್ಲ. ಬಾಬಾಬುಡನ್‌ಗಿರಿ ಸಾಲಿನಲ್ಲಿ, 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸುತ್ತಲಿನ ಇಳಿಜಾರಿನಲ್ಲಿ, ಅರೇಬಿಕಾ ತೋಟಗಳ ಮನೆಯ ಹಿತ್ತಲಲ್ಲಿ ಬೆಣ್ಣೆಹಣ್ಣಿನ ಮರಗಳು ಸಿಗುತ್ತವೆ. ಮೂಡಿಗೆರೆ ಕಡೆಗೆ ಇಳಿದರೆ ಕಾಫಿಯ ನಡುವೆ ಕಿತ್ತಳೆ, ತಂಪಿನ ಕಣಿವೆಗಳಲ್ಲಿ ಏಲಕ್ಕಿ. ಅಲ್ಲಿನ ಸಂಶೋಧನಾ ಕೇಂದ್ರದಿಂದ ಬಂದ ಏಲಕ್ಕಿ ತಳಿಗಳಿಗೆ ‘ಮೂಡಿಗೆರೆ-1’, ‘ಮೂಡಿಗೆರೆ-2’ ಎಂದು ಊರಿನ ಹೆಸರೇ ನಿಂತಿದೆ. ಭದ್ರೆಯ ದಂಡೆಯ ಕಳಸ, ಅಲ್ಲಿಂದಾಚೆಯ ಹೊರನಾಡಿನ ಕಣಿವೆಗಳಲ್ಲಿ ಅಡಿಕೆ ತೋಟ. ಅಡಿಕೆಯ ನಡುವೆ ಬಾಳೆ, ಮೆಣಸು, ಏಲಕ್ಕಿ, ಅಂಚಿನಲ್ಲಿ ತೆಂಗು. ಕಳಸದ ಮನೆಯಲ್ಲಿ ರಸಾಯನಕ್ಕೆ ಬೇಕಾದ ಬಹುಪಾಲು ಸಾಮಾನು ತೋಟದಿಂದಲೇ ಬಂದೀತು. ಬೆಲ್ಲಕ್ಕೊಂದು ಅಂಗಡಿಗೆ ಹೋಗಬೇಕಾಗಬಹುದು.

ಕಾಲಕ್ಕೆ ತಕ್ಕಂತೆ ಹಣ್ಣು ಬದಲಾಗುತ್ತದೆ. ಕಾಫಿ ಕುಯಿಲಿನ ಚಳಿಗಾಲಕ್ಕೆ ಕಿತ್ತಳೆ. ಹೂಮಳೆ ಬಿದ್ದು ಕಾಫಿ ಹೂ ಅರಳಿದ ಮೇಲಿನ ಬೇಸಿಗೆಗೆ ಮಾವು, ಹಲಸು. ಮಳೆಗಾಲಕ್ಕೆ ಬೆಣ್ಣೆಹಣ್ಣು, ಬೇಲಿಗೆ ಹಬ್ಬಿದ ಶರಬತ್ತಿನ ಹಣ್ಣು. ಬಾಳೆ ವರ್ಷವಿಡೀ ಇರುತ್ತದೆ.

ನಮ್ಮ ತೋಟದ ಹಣ್ಣುಗಳಲ್ಲಿ ಬೆಣ್ಣೆಹಣ್ಣು, ಶರಬತ್ತಿನ ಹಣ್ಣು, ಅನಾನಸು, ಪಪ್ಪಾಯಿ, ಸೀಬೆ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಯೆಮನ್‌ನಿಂದ ಬಾಬಾಬುಡನ್ ತಂದರೆಂದು ಹೇಳುವ ಏಳು ಬೀಜಗಳ ಕಾಫಿಯೂ ಈ ಬೆಟ್ಟಕ್ಕೆ ಹೊರಗಿನದೇ. ಬಂದದ್ದನ್ನು ಮಣ್ಣಿಗೆ ಒಗ್ಗಿಸಿ, ಮನೆಯ ಅಡುಗೆಗೆ ಒಗ್ಗಿಸಿ ಉಣ್ಣುವುದು ಈ ನಾಡಿನ ದೊಡ್ಡ ಗುಣ.

ಕಸ್ಟರ್ಡ್ ಬಂದ ದಾರಿ

ಇಂದು ಮದುವೆ, ಬೀಗರೂಟಗಳಲ್ಲಿ ರಸಾಯನದ ಜಾಗಕ್ಕೆ ಫ್ರೂಟ್ ಸಲಾಡ್ ಬಂದಿದೆ. ಐಸ್‌ಕ್ರೀಮಿನ ಜೊತೆಗೋ ಹಳದಿ ಕಸ್ಟರ್ಡಿನಲ್ಲಿ ಕಲಸಿಯೋ ಬಡಿಸುತ್ತಾರೆ. ರಂಜಾನಿನ ಇಫ್ತಾರ್‌ಗೂ ಹಣ್ಣು ಬೆರೆಸಿದ ಕಸ್ಟರ್ಡ್ ಇಷ್ಟದ ತಿನಿಸು. ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿಯನ್ನು 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ರೂಪಿಸಿದ. ಅವನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅದಕ್ಕೆ ಜೋಳದ ಪಿಷ್ಟದಿಂದ ಹಾಲು ಗಟ್ಟಿಯಾಗಿಸುವ ದಾರಿ ಹುಡುಕಿದ. ಮನೆಯವಳ ಮೇಲಿನ ಅಕ್ಕರೆಯಿಂದ ಹುಟ್ಟಿದ ತಿನಿಸು ಅದು. ಅದನ್ನು ಹಳಿಯುವ ಅಗತ್ಯವಿಲ್ಲ. ಆದರೆ ಅದಕ್ಕೆ ಹಾಲು ಕುದಿಯಬೇಕು, ಪುಡಿ ಗಂಟಾಗದಂತೆ ಕೈಯಾಡಿಸಬೇಕು, ಆಮೇಲೆ ಆರಬೇಕು, ತಣಿಯಬೇಕು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟಿಲ್ಲದೆ ದಿನಗಟ್ಟಲೆ ಕಳೆಯುವ ಮಲೆನಾಡಿನ ಮನೆಗೆ ಫ್ರಿಜ್ ನಂಬಿದ ಸಿಹಿಗಿಂತ ತುರಿಮಣೆ ನಂಬಿದ ಸಿಹಿಯೇ ಆಸರೆ.

ಕೆನೆಯ ಗುಟ್ಟು

ರಸಾಯನದ ನುಣುಪು ಎರಡು ಕಡೆಯಿಂದ ಬರುತ್ತದೆ: ಕಾಯಿಹಾಲಿನಿಂದ ಮತ್ತು ಹಣ್ಣಿನ ತಿರುಳಿನಿಂದ.

ಬಲಿತ ತೆಂಗಿನಕಾಯಿಯ ತಿರುಳಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಬ್ಬು. ತುರಿದು, ರುಬ್ಬಿ, ಹಿಂಡಿದಾಗ ಆ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ತೇಲುತ್ತದೆ. ಕಾಯಿಯದೇ ಪ್ರೋಟೀನು ಆ ಹನಿಗಳನ್ನು ಒಂದಕ್ಕೊಂದು ಅಂಟದಂತೆ ಹಿಡಿದಿಡುತ್ತದೆ. ಮೊದಲ ಸಲ ಹಿಂಡಿದ ಹಾಲು ಗಟ್ಟಿ, ಎರಡನೆಯದು ತೆಳು. ಕಾಯಿಹಾಲನ್ನು ಜೋರಾಗಿ ಕುದಿಸಿದರೆ ಈ ಪ್ರೋಟೀನು ಹೆಪ್ಪುಗಟ್ಟಿ ಹಾಲು ಒಡೆದಂತಾಗುತ್ತದೆ. ಉರಿಗಿಡದೆ ಬಳಸುವ ಹಿರಿಯರ ಕ್ರಮದಲ್ಲಿ ಆ ಭಯವೇ ಇಲ್ಲ.

ಚಳಿಯ ಭಯ ಮಾತ್ರ ಇದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಗಿರಿಯ ಕಡೆಯ ಮನೆಗಳಲ್ಲಿ ಸೀಸೆಯ ಎಣ್ಣೆ ಬೆಳಿಗ್ಗೆ ಬೆಳ್ಳಗೆ ಗಟ್ಟಿಯಾಗಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಬಹಳ ಹೊತ್ತು ಫ್ರಿಜ್ಜಿನಲ್ಲಿಟ್ಟ ಕಾಯಿಹಾಲಿಗೂ ಅದೇ ಗತಿ: ಕೊಬ್ಬು ಮೇಲೆ ಕಟ್ಟಿ ನಾಲಿಗೆಗೆ ತರಿತರಿಯಾಗಿ ತಾಗುತ್ತದೆ. ಆದ್ದರಿಂದ ಚಳಿಗಾಲದ ರಸಾಯನಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ ಹಾಲು ಹಿಂಡಬೇಕು, ಕಲಸಿದ ಕೂಡಲೇ ಬಡಿಸಬೇಕು.

ಬಾಳೆಯಲ್ಲಿ ಆಯ್ಕೆ ಮುಖ್ಯ. ಪೇಟೆಯಲ್ಲಿ ಏಲಕ್ಕಿ ಬಾಳೆ ಎನ್ನುವ ನಮ್ಮ ಪುಟ್ಟಬಾಳೆ ಮಾಗಿದಾಗಲೂ ಬಿಗಿ ಬಿಡುವುದಿಲ್ಲ, ಸಿಹಿಯ ಜೊತೆ ಸಣ್ಣದೊಂದು ಹುಳಿ ಇರುತ್ತದೆ. ರಸಬಾಳೆ ಸಿಕ್ಕರೆ ಪರಿಮಳಕ್ಕೆ ಎಣೆಯಿಲ್ಲ. ಪಚ್ಚಬಾಳೆ ಕಾಯಿಹಾಲಿನಲ್ಲಿ ಬೇಗ ಲೋಳೆಯಾಗುತ್ತದೆ, ನೇಂದ್ರ ಹಸಿಯಾಗಿ ಹಾಕಿದರೆ ಗಡುಸು.

ಇನ್ನು ಬೆಣ್ಣೆಹಣ್ಣು. ತಿರುಳಿನಲ್ಲಿ ನೂರಕ್ಕೆ ಹೆಚ್ಚುಕಡಿಮೆ 15 ಪಾಲು ಕೊಬ್ಬಿರುವ ಈ ಹಣ್ಣನ್ನು ಕಾಯಿಹಾಲಿನಲ್ಲಿ ಕಿವುಚಿ ಸೇರಿಸಿದರೆ ಗಡಿಗೆಯ ಕೆನೆಮೊಸರಿನಂಥ ದಪ್ಪ ಬರುತ್ತದೆ. ಬೇರೆ ಕೆನೆಯೇ ಬೇಡ. ಆದರೆ ಇದು ಮರದ ಮೇಲೆ ಹಣ್ಣಾಗದು. ಬಲಿತ ಕಾಯಿ ಕಿತ್ತ ಮೇಲೆಯೇ ಮೆತ್ತಗಾಗುವುದು. ಕೆಲವು ಮರಗಳ ಕಾಯಿ ಬಲಿತಾಗ ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡುತ್ತದೆ. ಕೂಟಕ್ಕೆ ಒಂದು ವಾರ ಮೊದಲೇ ಕಿತ್ತು, ಬಾಳೆಗೊನೆಯ ಪಕ್ಕದಲ್ಲಿಡಿ. ಬಾಳೆ ಹೊರಬಿಡುವ ಎಥಿಲೀನ್ ಅನಿಲ ಇದನ್ನೂ ಹಣ್ಣಾಗಿಸುತ್ತದೆ.

ಕೂಡುವವು, ಕೂಡದವು

ಹಣ್ಣೆಲ್ಲ ಒಳ್ಳೆಯದೇ ಎಂದು ಒಂದೇ ಬೋಗುಣಿಗೆ ಸುರಿದರೆ ಕೆಡುತ್ತದೆ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್, ಪಪ್ಪಾಯಿಯಲ್ಲಿ ಪಪೈನ್ ಎಂಬ ಕಿಣ್ವಗಳಿವೆ. ಇವು ಹಾಲು, ಕೆನೆ, ಮೊಸರಿನ ಪ್ರೋಟೀನನ್ನು ಕತ್ತರಿಸುತ್ತವೆ. ಸ್ವಲ್ಪ ಹೊತ್ತಿಗೆ ಕಹಿ ಹುಟ್ಟುತ್ತದೆ. ಡಬ್ಬಿಯ ಅನಾನಸು ಬಿಸಿ ಕಂಡಿರುವುದರಿಂದ ಅದರ ಕಿಣ್ವ ಸತ್ತಿರುತ್ತದೆ, ಕಸ್ಟರ್ಡಿಗೆ ಅದು ನಡೆಯುತ್ತದೆ. ತೋಟದ ಅನಾನಸನ್ನು ಉಪ್ಪು, ಮೆಣಸಿನಪುಡಿಯ ಜೊತೆ ಬೇರೆಯೇ ತಟ್ಟೆಯಲ್ಲಿಡಿ.

ಹಸುವಿನ ಹಾಲಿಗೆ ಕಿತ್ತಳೆ, ಶರಬತ್ತಿನ ಹಣ್ಣು ಬಿದ್ದರೆ ಹುಳಿಗೆ ಹಾಲು ಒಡೆಯುತ್ತದೆ. ಕಾಯಿಹಾಲಿಗೂ ಹುಳಿ ಹೆಚ್ಚಾಗಬಾರದು. ಇವನ್ನು ಕೊನೆಯಲ್ಲಿ, ಬಡಿಸುವ ಬಟ್ಟಲಿನ ಮೇಲೆ ಒಂದೆರಡು ತೊಳೆಯೋ ಒಂದು ಚಮಚ ತಿರುಳೋ ಹಾಕಿದರೆ ಸಾಕು. ಕಿತ್ತಳೆ ತೊಳೆಯ ಬಿಳಿ ನಾರು, ಬೀಜ ತೆಗೆಯದಿದ್ದರೆ ಕಹಿ.

ಹಲಸಿನಲ್ಲಿ ಬಕ್ಕೆಯನ್ನೇ ಆರಿಸಿ. ಬಿಗಿಯಾದ ತೊಳೆ ಸಣ್ಣಗೆ ಹೆಚ್ಚಲು ಬರುತ್ತದೆ. ಮೆತ್ತಗಿನ ಅಂಬಲಿ ಹಲಸು ಕಡುಬಿಗೆ, ದೋಸೆಗೆ ಇರಲಿ.

ಇಪ್ಪತ್ತು ಮಂದಿಯ ರಸಾಯನ

ಬೇಕಾಗುವ ಸಾಮಾನು: ಪುಟ್ಟಬಾಳೆಹಣ್ಣು 30, ಬಲಿತ ದೊಡ್ಡ ತೆಂಗಿನಕಾಯಿ 3, ಬೆಲ್ಲ 400 ಗ್ರಾಂ, ಅಥವಾ ರುಚಿಗೆ ತಕ್ಕಷ್ಟು ಜೋನಿಬೆಲ್ಲ, ಏಲಕ್ಕಿ 10, ಹುರಿದ ಎಳ್ಳು 2 ಚಮಚ, ಉಪ್ಪು ಒಂದು ಚಿಟಿಕೆ. ಮಳೆಗಾಲವಾದರೆ ಹಣ್ಣಾದ ಬೆಣ್ಣೆಹಣ್ಣು 2. ಬೇಸಿಗೆಯಾದರೆ ಹೆಚ್ಚಿದ ಹಲಸಿನ ತೊಳೆ ಅಥವಾ ಮಾವು 2 ದೊಡ್ಡ ಬಟ್ಟಲು, ಆಗ ಬಾಳೆಹಣ್ಣು 20 ಸಾಕು. ಎಳ್ಳನ್ನು ಹಿಂದಿನ ದಿನವೇ ಹುರಿದಿಟ್ಟರೆ ಕೂಟದ ದಿನ ಒಲೆಯ ಹಂಗಿಲ್ಲ.

ಮಾಡುವ ಕ್ರಮ: ಕಾಯಿ ತುರಿಯುವಾಗ ಕಂದು ಸಿಪ್ಪೆ ಬರದಂತೆ ನೋಡಿಕೊಳ್ಳಿ. ತುರಿಗೆ ಎರಡು ಲೋಟ ಉಗುರುಬೆಚ್ಚಗಿನ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಗಟ್ಟಿ ಹಾಲು ತೆಗೆದಿಡಿ. ಚರಟಕ್ಕೆ ಇನ್ನೊಂದೂವರೆ ಲೋಟ ನೀರು ಹಾಕಿ ರುಬ್ಬಿ ಎರಡನೆಯ ಹಾಲು ತೆಗೆಯಿರಿ. ಬೆಲ್ಲ ಜಜ್ಜಿ ಈ ಎರಡನೆಯ ಹಾಲಿನಲ್ಲಿ ಕರಗಿಸಿ ಸೋಸಿ. ಬೆಲ್ಲದ ಮಣ್ಣು, ಕಲ್ಲು ತಳದಲ್ಲೇ ಉಳಿಯುತ್ತವೆ. ಬೆಣ್ಣೆಹಣ್ಣಿದ್ದರೆ ಅದರ ತಿರುಳನ್ನು ಸ್ವಲ್ಪ ಗಟ್ಟಿ ಹಾಲಿನಲ್ಲಿ ಗಂಟಿಲ್ಲದಂತೆ ಕಿವುಚಿ ಸೇರಿಸಿ.

ಬಾಳೆಹಣ್ಣನ್ನು ಕೊನೆಯಲ್ಲೇ ಸುಲಿಯಬೇಕು. ಹೆಚ್ಚಿದ ಹಣ್ಣು ಗಾಳಿ ತಾಗಿ ಕಪ್ಪಾಗುತ್ತದೆ. ಹೆಚ್ಚಿದ ಹಾಗೇ ಬೆಲ್ಲದ ಹಾಲಿಗೆ ಬಿಟ್ಟರೆ ಬಣ್ಣ ಉಳಿಯುತ್ತದೆ. ನಾಲ್ಕರಲ್ಲೊಂದು ಪಾಲು ಹಣ್ಣನ್ನು ಕೈಯಲ್ಲೇ ಕಿವುಚಿ, ಉಳಿದದ್ದನ್ನು ಬಿಲ್ಲೆಗಳಾಗಿ ಹೆಚ್ಚಿ ಹಾಕಿ. ಮೇಲೆ ಗಟ್ಟಿ ಹಾಲು, ಕುಟ್ಟಿದ ಏಲಕ್ಕಿ, ಉಪ್ಪು, ಎಳ್ಳು. ಮರದ ಸೌಟಿನಲ್ಲಿ ಮೆಲ್ಲಗೆ ಎರಡು ಸುತ್ತು ತಿರುಗಿಸಿ. ಹಸಿ ಕಾಯಿಹಾಲು ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ. ಆದ್ದರಿಂದ ಎಲೆ ಹಾಕುವ ಹೊತ್ತಿಗೆ ಕಲಸಿ, ಆ ಪಂಕ್ತಿಗೇ ಮುಗಿಸಿ, ರಾತ್ರಿಗೆ ಎತ್ತಿಡಬೇಡಿ.

ಈ ಕೆಲಸವೆಲ್ಲ ಹಂಚಿಕೊಂಡು ಮಾಡುವಂಥದ್ದು. ಕಾಯಿ ತುರಿಯುವುದು ಭಾವಂದಿರ ಪಾಲಿಗಿರಲಿ, ಹಣ್ಣು ಸುಲಿಯುವುದು ಮಕ್ಕಳ ಪಾಲಿಗೆ, ಬೆಲ್ಲದ ಹದ ನೋಡುವುದು ಅಜ್ಜಿಯ ಪಾಲಿಗೆ. ಕಾದ ಎಣ್ಣೆ, ಕುದಿವ ಪಾಕ ಇಲ್ಲದ ಕಡೆ ಮಕ್ಕಳನ್ನು ‘ಆಚೆ ಹೋಗಿ’ ಎನ್ನಬೇಕಿಲ್ಲ. ಅಡುಗೆಯ ಮೊದಲ ಪಾಠ ಇಲ್ಲಿಂದಲೇ ಶುರುವಾಗಲಿ.

ಬೇಲಿಯಲ್ಲೊಂದು ಹಣ್ಣಿನ ಮರ

ತೋಟಗಳು ಬದಲಾಗುತ್ತಿವೆ. ಮರಕ್ಕೂ ಬೆಲೆ, ಮೆಣಸಿನ ಬಳ್ಳಿಗೂ ಆಸರೆ ಎಂದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಹಲಸು, ಅತ್ತಿಯ ಜಾಗಕ್ಕೆ ಬಂದು ನಿಂತಿದೆ. ಕಿತ್ತಳೆಯನ್ನು ಹಸಿರುಬೇನೆ ತಿಂದಿದೆ, ರಸಬಾಳೆಯನ್ನು ಪನಾಮಾ ಸೊರಗು ರೋಗ. ಬೆಳೆಗಾರನ ಲೆಕ್ಕಾಚಾರವನ್ನು ಯಾರೂ ತಪ್ಪೆನ್ನಲಾಗದು. ಕಾಫಿಯ ಬೆಲೆ ಏರಿಳಿಯುವಾಗ ಮನೆ ನಡೆಯಬೇಕಲ್ಲ. ಆದರೂ ಒಂದು ಬೇಡಿಕೆ ಇದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಸತ್ತ ಕಾಫಿ ಗಿಡಗಳ ಜಾಗ ತುಂಬುವ ಹೊತ್ತಿಗೆ, ಬೇಲಿಯ ಅಂಚಿನಲ್ಲಿ ಒಂದು ಬಕ್ಕೆ ಹಲಸು, ನೀರು ನಿಲ್ಲದ ಇಳಿಜಾರಿನಲ್ಲಿ ಒಂದು ಕಸಿ ಬೆಣ್ಣೆಹಣ್ಣು, ಕೊಟ್ಟಿಗೆಯ ಹಿಂದೆ ನಾಲ್ಕು ಪುಟ್ಟಬಾಳೆ ಕಂದು ಇಡಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಬೆಣ್ಣೆಹಣ್ಣು, ಶರಬತ್ತಿನ ಹಣ್ಣುಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ಒಳ್ಳೆಯ ಸಸಿಯ ವಿಚಾರ ಅಲ್ಲಿ ಕೇಳಬಹುದು. ಬೆಣ್ಣೆಹಣ್ಣಿನ ಮರಕ್ಕೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅಷ್ಟು ಎಚ್ಚರ ಸಾಕು.

ಬಾಳೆ ವರ್ಷ ಒಪ್ಪತ್ತಿನಲ್ಲಿ ಗೊನೆ ಹಾಕುತ್ತದೆ. ಕಸಿ ಮರಗಳಿಗೆ ನಾಲ್ಕೈದು ವರ್ಷ ಕಾಯಬೇಕು. ಈ ಮಳೆಗಾಲ ನೆಟ್ಟರೆ, ಇಂದು ಒಂದನೇ ತರಗತಿಗೆ ಹೋಗುವ ಮೊಮ್ಮಗಳು ಹೈಸ್ಕೂಲು ಮೆಟ್ಟಿಲು ಹತ್ತುವ ಮೊದಲೇ ತನ್ನ ತೋಟದ ಹಣ್ಣಿನಿಂದ ನೆಂಟರಿಗೆಲ್ಲ ರಸಾಯನ ಕಲಸಿ ಬಡಿಸಬಲ್ಲಳು.