ಟ್ರಾಂಬೆಯ ರಾಜಾ ರಾಮಣ್ಣನವರು

ಮುಂಬಯಿಯ ಉಪನಗರವಾದ ಭಾಂಡುಪಿನ ಪೂರ್ವಕ್ಕೆ ಉಪ್ಪಿನ ಗದ್ದೆಗಳಾಚೆ ಹರಿಯುವ ಠಾಣೆಯ ಖಾಡಿಯು ದಕ್ಷಿಣಾಭಿಮುಖವಾಗಿ ಸಾಗಿ ಎಲ್ಲಿ ಟ್ರಾಂಬೆಯ ಗುಡ್ಡವನ್ನು ಬಳಸುವುದೋ, ಅಲ್ಲಿಯೇ ಕನ್ನಡ ನಾಡಿನ ಮೇಧಾವಿಯೊಬ್ಬರು ತಮ್ಮ ಜೀವಿತದ ಫಲವತ್ತಾದ ವರ್ಷಗಳನ್ನು ಪರಮಾಣುವಿನ ಗರ್ಭಶೋಧನೆಗೆ ಮೀಸಲಿಟ್ಟರು. 1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಜನಿಸಿದ ಡಾ. ರಾಜಾ ರಾಮಣ್ಣನವರನ್ನು ಲೋಕವು 1974ರ ಪೋಖ್ರಾನ್ ಅಣುಸ್ಫೋಟದೊಡನೆಯೇ ಸ್ಮರಿಸುತ್ತದೆ. ಆದರೆ ಅದಕ್ಕಿಂತ ಬಹು ಮೊದಲೇ ಅವರು ಕೈಗೊಂಡ ಬೀಜವಿದಳನದ, ಎಂದರೆ ಪರಮಾಣುವಿನ ಬೀಜವು ಒಡೆಯುವ ಕ್ರಿಯೆಯ, ಅಧ್ಯಯನವೇ ಅವರ ಮುಖ್ಯ ಸಾಧನೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಪಿಯಾನೋ ವಾದನದಲ್ಲಿ ಬಾಲ್ಯದಿಂದಲೂ ಪರಿಶ್ರಮವಿದ್ದ ಅವರಿಗೆ ಭೌತವಿಜ್ಞಾನಿ ಹೋಮಿ ಭಾಭಾ ಅವರ ಪರಿಚಯವಾದದ್ದು 1944ರಲ್ಲಿ, ಸಂಗೀತದ ನೆಪದಿಂದಲೇ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಭಾರತದ ಪ್ರಥಮ ಪರಮಾಣು ರಿಯಾಕ್ಟರು ಚಾಲನೆಗೊಂಡಿತು. ಆಳವಾದ ನೀರಿನ ಕೊಳದಲ್ಲಿ ಮುಳುಗಿದ್ದ ಯುರೇನಿಯಮ್ಮಿನ ಸುತ್ತ ನೀಲಿ ಪ್ರಭೆಯೊಂದು ಹರಡುತ್ತಿತ್ತು. ಜಲದಲ್ಲಿ ಬೆಳಕು ಚಲಿಸುವ ವೇಗವನ್ನೂ ಮೀರಿ ಎಲೆಕ್ಟ್ರಾನುಗಳು ಧಾವಿಸುವಾಗ ಹೊಮ್ಮುವ ಕಾಂತಿಯದು. ಆ ಸೊಬಗಿಗೆ ಒಪ್ಪುವಂತೆ ನೆಹರೂ ಅವರು ಅದನ್ನು ‘ಅಪ್ಸರಾ’ ಎಂದು ಕರೆದರು. ರಾಮಣ್ಣನವರಿಗೂ ಅವರ ಸಂಗಡಿಗರಿಗೂ ಅದು ನ್ಯೂಟ್ರಾನುಗಳ ಅಕ್ಷಯ ಭಂಡಾರವಾಯಿತು.

ಮಂದಗತಿಯ ನ್ಯೂಟ್ರಾನೊಂದನ್ನು ನುಂಗಿದ ಯುರೇನಿಯಮ್ 235ರ ಬೀಜವು ದ್ರವಬಿಂದುವಿನಂತೆ ಉದ್ದವಾಗಿ, ನಡುವೆ ಸಣ್ಣಗಾಗಿ ಒಡೆಯುವುದೆಂದು 1939ರಲ್ಲಿ ಭೌತವಿಜ್ಞಾನಿಗಳಾದ ಬೋರ್ ಮತ್ತು ವೀಲರ್ ವಿವರಿಸಿದ್ದರು. ಹಾಗೆ ಒಡೆಯುವಾಗ ಅದು ಸಮಭಾಗವಾಗದೆ, ಸುಮಾರು 95 ಮತ್ತು 140 ದ್ರವ್ಯಮಾನದ ಎರಡು ಅಸಮ ಖಂಡಗಳಾಗುವುದೇಕೆ? ಬಿಂದುವಿನ ಕಲ್ಪನೆಯೊಂದರಿಂದಲೇ ಇದಕ್ಕೆ ಉತ್ತರ ದೊರೆಯದು. ಬೀಜದೊಳಗಿನ ಕಣಗಳು ಕ್ವಾಂಟಮ್ ನಿಯಮಕ್ಕೆ ಒಳಪಟ್ಟು ನಿಶ್ಚಿತ ಶಕ್ತಿಸ್ಥಿತಿಗಳಲ್ಲಿ ನೆಲೆಸಿರುವುದನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ. ಇನ್ನೂ ಬೇರ್ಪಡದ ಆ ಎರಡು ಖಂಡಗಳ ನಡುವೆ ಪ್ರೋಟಾನು, ನ್ಯೂಟ್ರಾನುಗಳು ಯಾದೃಚ್ಛಿಕವಾಗಿ ವಿನಿಮಯಗೊಳ್ಳುತ್ತವೆಂದೂ, ಆ ವಿನಿಮಯದ ಸಂಭಾವ್ಯತೆಯೇ ಅಂತಿಮ ವಿಭಜನೆಯನ್ನು ನಿರ್ಣಯಿಸುವುದೆಂದೂ ರಾಮಣ್ಣನವರು ಪ್ರತಿಪಾದಿಸಿದರು. ಪ್ರಯೋಗ, ಸಿದ್ಧಾಂತಗಳೆರಡರಲ್ಲೂ ಸಮಾನವಾಗಿ ಪಳಗಿದವರಿಗೆ ಮಾತ್ರ ಸಾಧ್ಯವಾದ ವಿಚಾರವಿದು.

ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕ, ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ, 1990ರಲ್ಲಿ ಕೇಂದ್ರದ ರಾಜ್ಯ ಸಚಿವ ಮುಂತಾದ ಪದವಿಗಳು ಅವರನ್ನು ಅರಸಿ ಬಂದುವು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲೇ ಅವರು ನಿಧನರಾದರು.

1957ರಲ್ಲಿ ಟ್ರಾಂಬೆಯಲ್ಲಿ ಅವರು ಶ್ರಮಿಸಿ ಕಟ್ಟಿದ ಪರಮಾಣು ವಿಜ್ಞಾನದ ತರಬೇತಿ ಶಾಲೆಯು ಇಂದಿಗೂ ತರುಣ ಪದವೀಧರರನ್ನು ಆರಿಸಿಕೊಳ್ಳುತ್ತಿದೆ. ಭಾಂಡುಪಿನ ಕನ್ನಡದ ಮನೆಗಳಲ್ಲಿ ಭೌತಶಾಸ್ತ್ರವನ್ನು ಓದುತ್ತಿರುವ ಮಕ್ಕಳಿದ್ದರೆ, ಹಿರಿಯರು ಆ ಶಾಲೆಯ ವಿಷಯವನ್ನು ಅವರಿಗೆ ಅವಶ್ಯವಾಗಿ ತಿಳಿಸಬೇಕು.